ಹಳೆಯ ಕ್ಯಾಂಪರ್ ವ್ಯಾನಿನ ಹೊರಗಿನ ಲೈಟು ಕೈಕೊಟ್ಟಾಗ: ದೋಷ ಹುಡುಕುವ ದಾರಿ

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹತ್ತಿಕೊಳ್ಳುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಪಾರ್ಕಿಂಗ್ ಲೈಟು ಅದರ ಜೊತೆ ತಾಳ ಹಾಕುತ್ತದೆ. ಬಲ್ಬ್ ಬದಲಾಯಿಸಿದ್ದಾಯಿತು, ಫ್ಯೂಸ್ ನೋಡಿದ್ದಾಯಿತು, ಲೈಟು ಮಾತ್ರ ತನಗೆ ತೋಚಿದಂತೆ ಉರಿಯುತ್ತಿದೆ. ಹಳೆಯ ಕ್ಯಾಂಪರ್ ವ್ಯಾನಿನಲ್ಲಿ, ಅಂದರೆ ಒಳಗೇ ಮನೆಯಂತೆ ಇರಲು ಕಟ್ಟಿದ ಗಾಡಿಯಲ್ಲಿ, ಇಂಥ ಆಟ ಶುರುವಾದರೆ ಬಲ್ಬನ್ನು ದೂರುವುದು ಬಿಡಿ. ಕರೆಂಟು ಬಲ್ಬಿನವರೆಗೆ ಸರಿಯಾಗಿಯೇ ಬಂದಿರುತ್ತದೆ. ವಾಪಸ್ ಹೋಗುವ ದಾರಿ ಕೆಟ್ಟಿರುತ್ತದೆ.

ವಾಹನದ 12 ವೋಲ್ಟ್ ವೈರಿಂಗ್‌ನಲ್ಲಿ ಪ್ರತಿ ಲೈಟಿಗೂ ಪಾಸಿಟಿವ್ ವೈರು ಬೇರೆ. ನೆಗೆಟಿವ್ ಮಾತ್ರ ಎಲ್ಲಕ್ಕೂ ಒಂದೇ: ಗಾಡಿಯ ಕಬ್ಬಿಣದ ಮೈ. ಇದನ್ನೇ ಅರ್ತಿಂಗ್ ಅನ್ನುತ್ತೇವೆ. ಹಿಂದಿನ ಲೈಟಿನ ಒಂದು ಡಬ್ಬಿಯೊಳಗೆ ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್, ರಿವರ್ಸ್ ಎಲ್ಲ ಇದ್ದರೂ ಅರ್ತಿಂಗ್ ವೈರು ಸಾಮಾನ್ಯವಾಗಿ ಒಂದೇ ಇರುತ್ತದೆ. ಅದರ ತುದಿಗೆ ತುಕ್ಕು ಹಿಡಿದರೆ ಬ್ರೇಕ್ ಬಲ್ಬಿಗೆ ಬಂದ ಕರೆಂಟು ಪಕ್ಕದ ಬಲ್ಬಿನೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಅಲ್ಲಿಂದ ಆ ಬಲ್ಬಿನ ಪಾಸಿಟಿವ್ ವೈರು ಹಿಡಿದು, ಗಾಡಿಯ ಇನ್ನೊಂದು ಮೂಲೆಯ ಬಲ್ಬಿನ ಮೂಲಕ ಅರ್ತಿಂಗ್ ಸೇರುತ್ತದೆ. ಚರಂಡಿ ಕಟ್ಟಿಕೊಂಡಾಗ ನೀರು ಪಕ್ಕದ ಅಂಗಳಕ್ಕೆ ನುಗ್ಗುತ್ತದಲ್ಲ, ಹಾಗೆ. ಎರಡು ಮೂರು ಬಲ್ಬುಗಳನ್ನು ಸಾಲಾಗಿ ದಾಟಬೇಕಾದ್ದರಿಂದ ಯಾವುದೂ ಪೂರ್ತಿ ಉರಿಯುವುದಿಲ್ಲ.

ಕ್ಯಾಂಪರ್ ಅಂದಮೇಲೆ ಇನ್ನೊಂದು ತೊಡಕೂ ಇದೆ. ಎಂಜಿನ್, ಚಾಸಿ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು), ಮುಂದಿನ ಕ್ಯಾಬಿನ್ ಮಾಡಿದವರು ಒಬ್ಬರು. ಹಿಂದೆ ಮನೆಯ ಭಾಗ ಕಟ್ಟಿದವರು ಇನ್ನೊಬ್ಬರು. ಗಾಡಿಯ ಮೂಲ ವೈರಿಂಗ್ ಎಲ್ಲೋ ನೆಲದ ಕೆಳಗೆ ಮುಗಿದು, ಅಲ್ಲಿಂದ ಮುಂದೆ ಬೇರೆ ಬಣ್ಣದ ವೈರುಗಳು ಶುರುವಾಗುತ್ತವೆ. ಫೈಬರ್‌ಗ್ಲಾಸ್, ಪ್ಲೈವುಡ್, ಅಲ್ಯೂಮಿನಿಯಂ ಹಾಳೆಯಿಂದ ಕಟ್ಟಿದ ಮೈಯಲ್ಲಿ ಕರೆಂಟು ವಾಪಸ್ ಹೋಗಲು ಕಬ್ಬಿಣವೇ ಇರುವುದಿಲ್ಲ. ಅಲ್ಲಿ ಪ್ರತಿ ಲೈಟಿಗೂ ಅರ್ತಿಂಗ್ ವೈರನ್ನು ಚಾಸಿವರೆಗೆ ಎಳೆದಿರಬೇಕು. ಎಳೆದಿರುತ್ತಾರೆ ಕೂಡ. ಆದರೆ ಅದರ ತುದಿ ಹಿಂದಿನ ಚಕ್ರದ ಬಳಿ, ಕೆಸರು ಸಿಡಿಯುವ ಜಾಗದಲ್ಲೇ ಬೋಲ್ಟ್ ಆಗಿರುತ್ತದೆ.

ಬಿಚ್ಚುವ ಮೊದಲು ನೋಡಿ

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಒಬ್ಬರು ಒಳಗೆ ಕೂತು ಒಂದೊಂದೇ ಸ್ವಿಚ್ ಹಾಕಲಿ, ಇನ್ನೊಬ್ಬರು ಹೊರಗೆ ಸುತ್ತು ಹಾಕಿ ಬರೆದುಕೊಳ್ಳಲಿ. ಒಬ್ಬರೇ ಇದ್ದರೆ ಮೊಬೈಲನ್ನು ಹಿಂದೆ ನಿಲ್ಲಿಸಿ ವಿಡಿಯೋ ಮಾಡಿದರೂ ಆಯಿತು. ಮೊದಲು ಒಂದೊಂದನ್ನೇ ಹಾಕಿ ನೋಡಿ. ಆಮೇಲೆ ಜೋಡಿಯಾಗಿ: ಪಾರ್ಕಿಂಗ್ ಜೊತೆ ಬ್ರೇಕ್, ಪಾರ್ಕಿಂಗ್ ಜೊತೆ ಇಂಡಿಕೇಟರ್, ಕೊನೆಗೆ ಮೂರೂ ಒಟ್ಟಿಗೆ. ಯಾವುದು ಕೆಟ್ಟಿದೆ ಅನ್ನುವುದಕ್ಕಿಂತ ಯಾವುದರ ಜೊತೆ ಯಾವುದು ಕೆಡುತ್ತದೆ ಅನ್ನುವುದು ಮುಖ್ಯ.

ಒಂದೇ ಒಂದು ಬಲ್ಬ್ ಸತ್ತಿದ್ದು ಉಳಿದದ್ದೆಲ್ಲ ಸರಿ ಇದ್ದರೆ ಆ ಬಲ್ಬ್, ಅದರ ಹೋಲ್ಡರ್ ಅಥವಾ ಅಷ್ಟಕ್ಕೇ ಹೋಗುವ ವೈರು. ಎರಡೂ ಬ್ರೇಕ್ ಲೈಟು ಒಟ್ಟಿಗೆ ಸತ್ತಿದ್ದರೆ ಹಿಂದೆ ಹುಡುಕಬೇಡಿ. ಫ್ಯೂಸ್ ಅಥವಾ ಪೆಡಲ್ ಬಳಿಯ ಸ್ವಿಚ್ ನೋಡಿ. ಒಂದು ಪಕ್ಕದ ಪಾರ್ಕಿಂಗ್ ಲೈಟುಗಳು ಮುಂದೆ ಹಿಂದೆ ಎರಡೂ ಹೋಗಿದ್ದರೆ ಅದೂ ಫ್ಯೂಸೇ ಇರಬಹುದು, ಏಕೆಂದರೆ ಎಷ್ಟೋ ಗಾಡಿಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಫ್ಯೂಸ್ ಇರುತ್ತದೆ. ಒಂದೇ ಡಬ್ಬಿಯ ಎಲ್ಲ ಬಲ್ಬುಗಳೂ ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕುತ್ತಿದ್ದರೆ ಆ ಡಬ್ಬಿಯ ಅರ್ತಿಂಗ್. ಮಳೆ ಬಂದಾಗ ಮಾತ್ರ ಕೆಡುತ್ತದಾ? ಗಾಜಿನ ಸುತ್ತಲಿನ ರಬ್ಬರ್ ನೋಡಿ. ಹಿಂದಿನ ಬಾಗಿಲು ತೆಗೆದಾಗ ಹತ್ತಿ, ಹಾಕಿದಾಗ ಆರುತ್ತದಾ? ಕೀಲಿನ ಬಳಿ ಮಡಚಿಕೊಳ್ಳುವ ವೈರು ಒಳಗೊಳಗೇ ತುಂಡಾಗಿದೆ. ಅಂಥ ವೈರನ್ನು ಮೆಲ್ಲಗೆ ಎಳೆದು ನೋಡಿ: ತಾಮ್ರ ತುಂಡಾದ ಜಾಗದಲ್ಲಿ ಬರೀ ಪ್ಲಾಸ್ಟಿಕ್ ಹಿಗ್ಗುತ್ತದೆ. ನಂಬರ್ ಪ್ಲೇಟ್ ಲೈಟು ಪದೇ ಪದೇ ಕೆಡಲು ಇದೇ ದೊಡ್ಡ ಕಾರಣ.

ದೋಷವೇ ಅಲ್ಲದ ಒಂದು ದೋಷವೂ ಇದೆ. ಕೆಲವು ಹಳೆಯ ಜರ್ಮನ್ ವ್ಯಾನುಗಳಲ್ಲಿ ಕೀ ತೆಗೆದ ಮೇಲೆ ಇಂಡಿಕೇಟರ್ ಕಡ್ಡಿ ಒಂದು ಪಕ್ಕಕ್ಕೆ ಇದ್ದರೆ ಆ ಪಕ್ಕದ ಪಾರ್ಕಿಂಗ್ ಲೈಟು ಮಾತ್ರ ಉರಿಯುತ್ತದೆ. ಕತ್ತಲೆಯಲ್ಲಿ ರಸ್ತೆ ಬದಿ ನಿಲ್ಲಿಸಿದಾಗ ಗಾಡಿ ಕಾಣಲಿ ಅಂತ ಕಂಪನಿಯವರೇ ಕೊಟ್ಟ ಸೌಲಭ್ಯ ಅದು. ಗೊತ್ತಿಲ್ಲದೆ ವೈರಿಂಗ್ ಎಲ್ಲ ಬಿಚ್ಚಿದವರು ಇದ್ದಾರೆ.

ಬೇಕಾದ ಸಾಮಾನು

ಟೆಸ್ಟ್ ಲ್ಯಾಂಪ್ (ವೈರಿನಲ್ಲಿ ಕರೆಂಟು ಇದೆಯೇ ಅಂತ ತೋರಿಸುವ ಸಣ್ಣ ದೀಪ), ವೋಲ್ಟ್ ಅಳೆಯುವ ಸಾಧಾರಣ ಮಲ್ಟಿಮೀಟರ್, ಎರಡೂ ತುದಿಗೆ ಕ್ಲಿಪ್ ಇರುವ ಉದ್ದನೆಯ ವೈರು, ಎರಡು ವೈರು ಬೆಸೆದ ಒಂದು 21 ವ್ಯಾಟ್ ಬಲ್ಬ್, ಸಣ್ಣ ಹಿತ್ತಾಳೆ ಬ್ರಷ್, ನಯವಾದ ಎಮರಿ ಪೇಪರ್. ಇಷ್ಟು ಸಾಕು.

ಕ್ಯಾಂಪರಿಗೇ ಸೇರಿದ ಒಂದು ಎಚ್ಚರಿಕೆ: ಒಳಗಿನ ಪ್ಯಾನಲ್ ಬಿಚ್ಚುವ ಮೊದಲು ಹೊರಗಿನಿಂದ ಬರುವ ಮೇನ್ಸ್ ಕೇಬಲ್ ಕಿತ್ತುಹಾಕಿ. ಈ ಗಾಡಿಯಲ್ಲಿ ಎರಡು ಬ್ಯಾಟರಿ ಇರುತ್ತವೆ ಅನ್ನುವುದನ್ನೂ ಮರೆಯಬೇಡಿ. ಎಂಜಿನ್ ಬ್ಯಾಟರಿಯ ನೆಗೆಟಿವ್ ಬಿಚ್ಚಿದರೂ ಮನೆ ಭಾಗದ ಬ್ಯಾಟರಿಯ ವೈರುಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಮಾಡಿನ ಮೇಲೆ ಸೋಲಾರ್ ಇದ್ದರೆ ಅದನ್ನೂ ಬೇರ್ಪಡಿಸಬೇಕು.

ಅರ್ತಿಂಗ್ ಪರೀಕ್ಷೆ

ಎರಡು ನಿಮಿಷದ ಪರೀಕ್ಷೆ ಇದು. ಉದ್ದನೆಯ ವೈರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿ. ಇನ್ನೊಂದನ್ನು ತೊಂದರೆ ಕೊಡುತ್ತಿರುವ ಲೈಟಿನ ಅರ್ತಿಂಗ್ ಟರ್ಮಿನಲ್‌ಗೆ ಮುಟ್ಟಿಸಿ. ಮಂಕಾಗಿದ್ದ ಬ್ರೇಕ್ ಲೈಟು ಪಳಕ್ಕನೆ ಹೊಳೆದು, ಇಂಡಿಕೇಟರ್ ಸುಮ್ಮನಾದರೆ ದೋಷ ಸಿಕ್ಕಿತು ಅಂತಲೇ ಲೆಕ್ಕ. ಇನ್ನು ದಾರಿಯಲ್ಲಿ ಎಲ್ಲಿ ಅನ್ನುವುದಷ್ಟೇ ಬಾಕಿ.

ಅದಕ್ಕೆ ಮೀಟರ್ ಬೇಕು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಇಡಿ. ಲೈಟು ಹಾಕಿರಬೇಕು, ಇದು ಮುಖ್ಯ. ಕೆಂಪು ಕಡ್ಡಿಯನ್ನು ಬಲ್ಬ್ ಹೋಲ್ಡರಿನ ಲೋಹಕ್ಕೆ ಮುಟ್ಟಿಸಿ. 0.1 ಅಥವಾ 0.2 ವೋಲ್ಟ್ ಒಳಗೆ ತೋರಿಸಿದರೆ ದಾರಿ ಸರಿ ಇದೆ. ಅರ್ಧ ವೋಲ್ಟ್ ಇದ್ದರೆ ಅನುಮಾನ, 1 ವೋಲ್ಟ್ ದಾಟಿದರೆ ಅನುಮಾನವೂ ಬೇಡ. ಈಗ ಕೆಂಪು ಕಡ್ಡಿಯನ್ನು ಹೆಜ್ಜೆ ಹೆಜ್ಜೆಯಾಗಿ ಬ್ಯಾಟರಿಯ ಕಡೆ ತನ್ನಿ: ಹೋಲ್ಡರ್, ಡಬ್ಬಿಯ ಹಿಂದಿನ ಪ್ಲಗ್, ವೈರಿನ ತುದಿಯ ರಿಂಗ್, ಬೋಲ್ಟ್, ಚಾಸಿಯ ಲೋಹ. ಎಲ್ಲಿ ಅಂಕೆ ದಿಢೀರನೆ ಇಳಿಯುತ್ತದೋ, ಆ ಎರಡು ಜಾಗಗಳ ನಡುವೆಯೇ ದೋಷ ಕೂತಿದೆ.

ಲೈಟು ಹಾಕದೆ, ಅಥವಾ ಬಲ್ಬ್ ತೆಗೆದು ಮೀಟರ್ ಇಟ್ಟರೆ ಮೋಸ ಹೋಗುತ್ತೀರಿ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್. ಅದು ಕರೆಂಟು ಎಳೆಯುವುದೇ ಇಲ್ಲ ಅನ್ನಬಹುದು. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ, ಅದೂ ಕಿಲುಬು ಹಿಡಿದಿದ್ದರೂ, ಮೀಟರ್ 12 ವೋಲ್ಟ್ ಅಂತಲೇ ತೋರಿಸುತ್ತದೆ. 21 ವ್ಯಾಟ್ ಬಲ್ಬಿಗೆ ಹೆಚ್ಚು ಕಡಿಮೆ 1.75 ಆಂಪಿಯರ್ ಬೇಕು. ಅಷ್ಟು ಕೊಡಲು ಆ ಒಂದು ಎಳೆಯಿಂದ ಆಗುವುದಿಲ್ಲ. ಅದಕ್ಕೇ ನಾನು ಪಾಸಿಟಿವ್ ವೈರು ಬಂದಿದೆಯೇ ಅಂತ ನೋಡಲು ಮೀಟರಿಗಿಂತ 21 ವ್ಯಾಟ್ ಬಲ್ಬನ್ನೇ ಜಾಸ್ತಿ ನಂಬುತ್ತೇನೆ. ಅದು ಪೂರ್ತಿ ಉರಿದರೆ ವೈರು ಚೆನ್ನಾಗಿದೆ. ಇದನ್ನು ಸಾದಾ ಬಲ್ಬ್ ವೈರಿಂಗ್ ಇರುವ ಹಳೆಯ ಗಾಡಿಯಲ್ಲಿ ಮಾತ್ರ ಮಾಡಿ. ಕಂಪ್ಯೂಟರ್ ನಿಯಂತ್ರಣದ ಗಾಡಿಗಳಿಗೆ ಬೇಡ.

ದೋಷದ ಜಾಗ ಸಿಕ್ಕ ಮೇಲೆ ಬೋಲ್ಟ್ ಸುಮ್ನೆ ಬಿಗಿ ಮಾಡಿ ಬಿಟ್ಟರೆ ನಾಲ್ಕು ದಿನ ಬಾಳಿಕೆ. ಪೂರ್ತಿ ಬಿಚ್ಚಿ. ಕೆಳಗಿನ ಬಣ್ಣ, ತುಕ್ಕು ಎಲ್ಲ ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿ. ವೈರಿನ ತುದಿ ಕತ್ತರಿಸಿ ನೋಡಿ. ತಾಮ್ರ ಕಪ್ಪಗಾಗಿದ್ದರೆ ಇನ್ನಷ್ಟು ಹಿಂದಕ್ಕೆ ಕತ್ತರಿಸುತ್ತಾ ಹೋಗಿ, ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೆ. ಹೊಸ ರಿಂಗ್ ಟರ್ಮಿನಲ್ ಒತ್ತಿ, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ, ಬೋಲ್ಟ್ ಬಿಗಿ ಮಾಡಿ. ಗ್ರೀಸ್ ಅಥವಾ ವ್ಯಾಸಲೀನ್ ಸವರುವುದು ಎಲ್ಲಕ್ಕಿಂತ ಕೊನೆಗೆ, ಮೇಲಿನಿಂದ.

ಬಲ್ಬ್ ಮತ್ತು ಹೋಲ್ಡರ್

ಹೋಲ್ಡರಿನೊಳಗೆ ಹಸಿರು ಬಿಳಿ ಪುಡಿ ಕಂಡರೆ ಅದು ಕಿಲುಬು. ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ತಳದ ಸ್ಪ್ರಿಂಗ್ ಕಾಂಟ್ಯಾಕ್ಟ್ ಬೆರಳಿನಿಂದ ಒತ್ತಿದರೆ ಪುಟಿದು ಮೇಲೆ ಬರಬೇಕು. ಬರದಿದ್ದರೆ ಬಲ್ಬ್ ಎಷ್ಟು ಹೊಸದಾದರೂ ಕುಲುಕಾಟಕ್ಕೆ ಆರುತ್ತದೆ.

ಪಾರ್ಕಿಂಗ್ ಮತ್ತು ಬ್ರೇಕ್ ಎರಡಕ್ಕೂ ಒಂದೇ ಬಲ್ಬ್ ಇರುವ ಗಾಡಿಗಳಲ್ಲಿ ಅದು 21 ಮತ್ತು 5 ವ್ಯಾಟಿನ ಎರಡು ತಂತಿಗಳ ಬಲ್ಬ್. ಅದರ ಪಕ್ಕದ ಎರಡು ಮೊಳೆಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ, ತಿರುಗಿಸಿ ಹಾಕಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ಆದರೂ ಒತ್ತಿ ತಿರುಚಿ ಉಲ್ಟಾ ಕೂರಿಸುವವರಿಗೆ ಕೊರತೆ ಇಲ್ಲ. ಆಗ ಪಾರ್ಕಿಂಗ್ ಹಾಕಿದಾಗ ಲೈಟು ತೀರಾ ಪ್ರಖರವಾಗಿ, ಬ್ರೇಕ್ ಒತ್ತಿದಾಗ ಮಂಕಾಗಿ ಉರಿಯುತ್ತದೆ. ಎರಡು ಕಾಂಟ್ಯಾಕ್ಟಿನ ಹೋಲ್ಡರಿಗೆ ಒಂದೇ ಕಾಂಟ್ಯಾಕ್ಟಿನ ಬಲ್ಬ್ ತುರುಕಿದರೆ ಇನ್ನೂ ಮಜಾ: ತಳದ ಸೀಸದ ಗುಂಡು ಎರಡನ್ನೂ ಸೇರಿಸಿಬಿಡುತ್ತದೆ. ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪವೂ ಹತ್ತುತ್ತದೆ. ಬಲ್ಬಿನೊಳಗೆ ಒಂದು ತಂತಿ ತುಂಡಾಗಿ ಇನ್ನೊಂದರ ಮೇಲೆ ಬಿದ್ದರೂ ಇದೇ ಲಕ್ಷಣ. ಅರ್ತಿಂಗ್ ಸರಿ ಇದ್ದೂ ಲೈಟುಗಳು ಬೆರೆತುಹೋಗುತ್ತಿದ್ದರೆ ಹಿಂದಿನ ಬಲ್ಬುಗಳನ್ನು ಒಂದೊಂದಾಗಿ ತೆಗೆದು ನೋಡಿ. ಯಾವುದನ್ನು ತೆಗೆದಾಗ ಉಳಿದದ್ದು ಸರಿಹೋಗುತ್ತದೋ ಅದೇ ಕಳ್ಳ.

ಇಂಡಿಕೇಟರ್

ಒಂದು ಪಕ್ಕ ಮಾತ್ರ ಬೇಗ ಬೇಗ ಮಿಣುಕಿದರೆ ಆ ಪಕ್ಕದಲ್ಲಿ ಒಂದು ಬಲ್ಬ್ ಹೋಗಿದೆ ಅಥವಾ ಕಡಿಮೆ ವ್ಯಾಟಿನದು ಹಾಕಿದ್ದಾರೆ. ಇಂಡಿಕೇಟರನ್ನು ಮಿಣುಕಿಸುವ ಸಣ್ಣ ಡಬ್ಬಿಯೇ ಫ್ಲ್ಯಾಷರ್; ತೀರಾ ಹಳೆಯ ಬಿಸಿ ತಂತಿಯದು ಇದ್ದರೆ ಮಿಣುಕದೆ ಸುಮ್ಮನೆ ಉರಿದು ನಿಲ್ಲಲೂಬಹುದು.

ಎರಡೂ ಪಕ್ಕ ಸತ್ತಿದ್ದರೆ ಹಜಾರ್ಡ್ ಬಟನ್ ಒತ್ತಿ ನೋಡಿ. ನಾಲ್ಕೂ ಮಿಣುಕಿದರೆ ಬಲ್ಬ್, ವೈರು ಸರಿ ಇವೆ. ಫ್ಲ್ಯಾಷರ್ ಎರಡಕ್ಕೂ ಒಂದೇ ಇರುವ ಗಾಡಿಯಾದರೆ ಅದೂ ಸರಿ. ಹಜಾರ್ಡಿಗೆ ಕರೆಂಟು ಬ್ಯಾಟರಿಯಿಂದ ನೇರ ಬರುತ್ತದೆ, ಇಂಡಿಕೇಟರಿಗೆ ಕೀ ಮೂಲಕ ಬೇರೆ ಫ್ಯೂಸಿನಿಂದ. ಹಾಗಾಗಿ ಆ ಫ್ಯೂಸ್ ನೋಡಿ. ಅದೂ ಸರಿ ಇದ್ದರೆ ಅನುಮಾನ ಹಜಾರ್ಡ್ ಸ್ವಿಚ್ಚಿನ ಮೇಲೆಯೇ ಬರಬೇಕು. ಹಳೆಯ ಗಾಡಿಗಳಲ್ಲಿ ಇಂಡಿಕೇಟರಿನ ಕರೆಂಟು ಈ ಸ್ವಿಚ್ಚಿನೊಳಗೆ ಹಾದುಬರುತ್ತದೆ. ವರ್ಷಗಟ್ಟಲೆ ಯಾರೂ ಒತ್ತದ ಸ್ವಿಚ್ಚಿನೊಳಗೆ ಕಾಂಟ್ಯಾಕ್ಟು ಕಪ್ಪಗಾಗಿರುತ್ತದೆ. ಹತ್ತಿಪ್ಪತ್ತು ಸಲ ಪಟಪಟ ಒತ್ತಿ ಬಿಡಿ. ಇಂಡಿಕೇಟರಿಗೆ ಜೀವ ಬಂದರೆ ಹೊಸ ಸ್ವಿಚ್ ತರಬೇಕು ಅಂತ ಅರ್ಥ.

ಫ್ಲ್ಯಾಷರನ್ನೇ ಪರೀಕ್ಷಿಸಬೇಕಾದರೆ ಅದರ ಕಾಲುಗಳ ಮೇಲಿನ ನಂಬರ್ ನೋಡಿ. ಯುರೋಪಿನ ಗಾಡಿಗಳಲ್ಲಿ 49 ಒಳಬರುವ ಕರೆಂಟು, 49-ಎ ಹೊರಹೋಗುವುದು, 31 ಅರ್ತಿಂಗ್. ಫ್ಲ್ಯಾಷರ್ ಕಿತ್ತು, ಸಾಕೆಟ್ಟಿನಲ್ಲಿ 49 ಮತ್ತು 49-ಎ ನಡುವೆ ತುಂಡು ವೈರು ಇಟ್ಟು ಇಂಡಿಕೇಟರ್ ಕಡ್ಡಿ ತಿರುಗಿಸಿ. ಬಲ್ಬುಗಳು ಮಿಣುಕದೆ ಉರಿದರೆ ಕೆಟ್ಟಿರುವುದು ಫ್ಲ್ಯಾಷರ್ ಅಥವಾ ಅದರ 31ನೇ ವೈರು. ಇದೇ ನಂಬರ್ ಪದ್ಧತಿಯಲ್ಲಿ 30 ಬ್ಯಾಟರಿಯ ನೇರ ಕರೆಂಟು, 15 ಕೀ ಹಾಕಿದಾಗ ಬರುವುದು, 54 ಬ್ರೇಕ್ ಲೈಟು, 58 ಪಾರ್ಕಿಂಗ್, 56-ಎ ಹೈ ಬೀಮ್, 56-ಬಿ ಡಿಪ್. ವೈರಿನ ಬಣ್ಣ ಬದಲಾದರೂ ಸ್ವಿಚ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಮೇಲೆ ಈ ನಂಬರ್ ಇರುತ್ತದೆ, ಹಾಗಾಗಿ ಬರೆದಿಟ್ಟುಕೊಳ್ಳಿ.

ಎಲ್‌ಇಡಿ ಹಾಕಿದವರಿಗೆ ಬೇರೆ ತಲೆನೋವು. ಕರೆಂಟು ತೀರಾ ಕಡಿಮೆ ಎಳೆಯುವುದರಿಂದ ಬಲ್ಬ್ ಹೋಗಿದೆ ಅಂದುಕೊಂಡು ಫ್ಲ್ಯಾಷರ್ ಜೋರಾಗಿ ಮಿಣುಕುತ್ತದೆ. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿದರೆ ಸರಿ. ಡ್ಯಾಶ್‌ಬೋರ್ಡಿನಲ್ಲಿ ಎರಡೂ ಪಕ್ಕಕ್ಕೆ ಸೇರಿ ಒಂದೇ ಹಸಿರು ದೀಪ ಇರುವ ಗಾಡಿಯಾದರೆ ಅದರ ನಂತರವೂ ನಾಲ್ಕೂ ಒಟ್ಟಿಗೆ ಮಿಣುಕಬಹುದು. ಆ ಹಸಿರು ದೀಪವನ್ನು ಎಡ ಬಲಗಳ ನಡುವೆ ಜೋಡಿಸಿರುತ್ತಾರೆ. ಒಂದು ಪಕ್ಕ ಉರಿಯುವಾಗ ಇನ್ನೊಂದು ಪಕ್ಕದ ಬಲ್ಬೇ ಅದಕ್ಕೆ ಅರ್ತಿಂಗ್. ಸಾದಾ ಬಲ್ಬಿಗೆ ಅಷ್ಟು ಕರೆಂಟು ಲೆಕ್ಕಕ್ಕೇ ಇಲ್ಲ, ಎಲ್‌ಇಡಿಗೆ ಧಾರಾಳ ಸಾಕು. ದೀಪದ ವೈರಿಂಗ್‌ಗೆ ಎರಡು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಸೇರಿಸಬೇಕು, ಇಲ್ಲವೇ ಹಳೆಯ ಬಲ್ಬಿಗೆ ಮರಳಬೇಕು. ನನ್ನ ಓಟು ಹಳೆಯ ಬಲ್ಬಿಗೆ.

ಬ್ರೇಕ್ ಮತ್ತು ರಿವರ್ಸ್ ಲೈಟು

ಬ್ರೇಕ್ ಸ್ವಿಚ್ ಪೆಡಲ್ ಬಳಿ ಇದ್ದರೆ ಅದರ ಎರಡು ವೈರು ಕಿತ್ತು ಒಂದಕ್ಕೊಂದು ಸೇರಿಸಿ. ಲೈಟು ಹತ್ತಿದರೆ ಸ್ವಿಚ್ ಕೆಟ್ಟಿದೆ, ಅಥವಾ ಅದನ್ನು ಕೂರಿಸಿದ ಜಾಗ ಸರಿದಿದೆ. ಕೆಲವು ಹಳೆಯ ವ್ಯಾನುಗಳಲ್ಲಿ ಸ್ವಿಚ್ ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿರುತ್ತದೆ, ಆಯಿಲಿನ ಒತ್ತಡಕ್ಕೆ ಕೆಲಸ ಮಾಡುತ್ತದೆ. ಅದು ಹಾಳಾಗುತ್ತಾ ಬಂದಂತೆ ಪೆಡಲ್ ಜೋರಾಗಿ ಒತ್ತಿದರೆ ಮಾತ್ರ ಲೈಟು ಹತ್ತುತ್ತದೆ. ಮೆಲ್ಲಗೆ ಬ್ರೇಕ್ ಹಿಡಿದಾಗ ಹಿಂದಿನವರಿಗೆ ಏನೂ ಕಾಣುವುದಿಲ್ಲ, ಅಪಾಯ. ಈ ಸ್ವಿಚ್ ಬದಲಾಯಿಸಿದ ಮೇಲೆ ಬ್ರೇಕಿನ ಗಾಳಿ ತೆಗೆಯಬೇಕಾಗುತ್ತದೆ, ಹಾಗಾಗಿ ಬ್ರೇಕ್ ಕೆಲಸ ಗೊತ್ತಿರುವವರೇ ಮಾಡಲಿ.

ರಿವರ್ಸ್ ಲೈಟಿನ ಸ್ವಿಚ್ ಗೇರ್‌ಬಾಕ್ಸ್ ಮೇಲೆ. ಪರೀಕ್ಷೆ ಅದೇ.

ಮಂಕಾದ ಹೆಡ್‌ಲೈಟು

ಒಂದು ಮಾತ್ರ ಮಂಕಾಗಿದ್ದರೆ ಮತ್ತೆ ಅರ್ತಿಂಗ್ ಕಥೆಯೇ. ಡಿಪ್‌ನಲ್ಲಿ ಇರುವಾಗ ಹೈ ಬೀಮಿನ ನೀಲಿ ದೀಪ ಸಣ್ಣಗೆ ಹೊಳೆಯುವುದೂ ಅದರ ಗುರುತು.

ಎರಡೂ ಮಂಕಾಗಿದ್ದರೆ ಎಂಜಿನ್ ಚಾಲೂ ಮಾಡಿ ಬ್ಯಾಟರಿ ಅಳೆಯಿರಿ. 13.8ರಿಂದ 14.4 ವೋಲ್ಟ್ ಬರಬೇಕು. ಅಲ್ಲಿ ಸರಿ ಇದ್ದರೆ ಲೈಟು ಉರಿಯುತ್ತಿರುವಾಗಲೇ ಹೆಡ್‌ಲೈಟಿನ ಪ್ಲಗ್ಗಿನ ಹಿಂದಿನಿಂದ ಅಳೆಯಿರಿ. ಹಳೆಯ ವ್ಯಾನುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕವೇ ಹೋಗಿ ಬರುತ್ತದೆ. ಎರಡು 55 ವ್ಯಾಟ್ ಬಲ್ಬ್ ಅಂದರೆ ಸುಮಾರು 9 ಆಂಪಿಯರ್. ಸವೆದ ಸ್ವಿಚ್, ತೆಳು ವೈರು, ಹಳೆಯ ಫ್ಯೂಸ್ ಎಲ್ಲ ಸೇರಿ ಒಂದೂವರೆ ವೋಲ್ಟ್ ತಿಂದುಹಾಕುವುದು ಮಾಮೂಲು. ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಶೇಕಡಾ 30ರಷ್ಟು ಇಳಿಯುತ್ತದೆ. ಬ್ಯಾಟರಿಯಿಂದ ಫ್ಯೂಸ್ ಸಮೇತ ದಪ್ಪ ವೈರು ಎಳೆದು ಡಿಪ್‌ಗೊಂದು, ಹೈಗೊಂದು ರಿಲೇ ಹಾಕಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸ್ವಿಚ್ಚೂ ಬಿಸಿಯಾಗುವುದು ನಿಲ್ಲುತ್ತದೆ. ಹೆಡ್‌ಲೈಟಿನೊಳಗಿನ ಕನ್ನಡಿ ಮಾಸಿದ್ದರೆ ಮಾತ್ರ ಯಾವ ವೈರಿಂಗ್ ಮಾಡಿಯೂ ಪ್ರಯೋಜನ ಇಲ್ಲ.

ಫ್ಯೂಸ್

ಹಳೆಯ ಯುರೋಪಿಯನ್ ವ್ಯಾನುಗಳ ಉದ್ದನೆಯ ಪಿಂಗಾಣಿ ಅಥವಾ ಪ್ಲಾಸ್ಟಿಕ್ ಫ್ಯೂಸುಗಳು ನೋಡಲು ಚೆನ್ನಾಗಿದ್ದರೂ ಎರಡು ತುದಿಯಲ್ಲಿ ಪೊರೆ ಕಟ್ಟಿ ಕರೆಂಟು ಬಿಡುವುದಿಲ್ಲ. ಬೆರಳಿನಿಂದ ಒಂದು ಸುತ್ತು ತಿರುಗಿಸಿದರೆ ಲೈಟು ಬರುತ್ತದೆ. ಬಂದರೆ ಫ್ಯೂಸ್ ಬದಲಾಯಿಸಿ, ಹಿಡಿಯುವ ಕ್ಲಿಪ್ ಉಜ್ಜಿ, ಸ್ವಲ್ಪ ಒಳಕ್ಕೆ ಬಗ್ಗಿಸಿ. ಬಣ್ಣದ ಲೆಕ್ಕದಲ್ಲಿ ಹುಷಾರು: ಈ ಬಗೆಯಲ್ಲಿ ಕೆಂಪು ಅಂದರೆ 16 ಆಂಪಿಯರ್, ಬಿಳಿ 8. ಆಮೇಲೆ ಬಂದ ಚಪ್ಪಟೆ ಫ್ಯೂಸಿನಲ್ಲಿ ಕೆಂಪು ಅಂದರೆ 10.

ಫ್ಯೂಸ್ ಹಾಕಿದ ಕೂಡಲೇ ಸುಟ್ಟುಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವ ಯೋಚನೆ ಬೇಡವೇ ಬೇಡ, ವೈರೇ ಹೊತ್ತಿಕೊಳ್ಳುತ್ತದೆ. ಆ ಲೈನಿನ ಬಲ್ಬುಗಳನ್ನೆಲ್ಲ ತೆಗೆದಿಡಿ. ಫ್ಯೂಸಿನ ಜಾಗದಲ್ಲಿ ನಿಮ್ಮ 21 ವ್ಯಾಟ್ ಬಲ್ಬಿನ ಎರಡು ವೈರು ಸಿಕ್ಕಿಸಿ ಸ್ವಿಚ್ ಹಾಕಿ. ಬಲ್ಬ್ ಪೂರ್ತಿ ಉರಿದರೆ ಎಲ್ಲೋ ವೈರು ಮೈಗೆ ತಾಗುತ್ತಿದೆ. ಬಲ್ಬ್ ಇರುವುದರಿಂದ 2 ಆಂಪಿಯರಿಗಿಂತ ಜಾಸ್ತಿ ಹರಿಯುವುದಿಲ್ಲ, ನಿಧಾನವಾಗಿ ಹುಡುಕಬಹುದು. ವೈರಿಂಗ್ ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸಿ, ಪ್ಲಗ್ಗುಗಳನ್ನು ಒಂದೊಂದಾಗಿ ಕೀಳಿ. ಬಲ್ಬ್ ಆರಿದ ಗಳಿಗೆಯಲ್ಲಿ ನಿಮ್ಮ ಕೈ ಎಲ್ಲಿತ್ತೋ ಅಲ್ಲಿ ನೋಡಿ.

ಆಮೇಲೆ ಸೇರಿಸಿದ ವೈರುಗಳು

ಹಳೆಯ ಕ್ಯಾಂಪರ್ ಕೈ ಬದಲಾದಾಗಲೆಲ್ಲ ಒಂದೊಂದು ಹೊಸ ವೈರು ಸೇರಿಕೊಂಡಿರುತ್ತದೆ. ಟ್ರೇಲರ್ ಸಾಕೆಟ್, ಮಾಡಿನ ಅಂಚಿನ ಲೈಟು, ರಿವರ್ಸ್ ಕ್ಯಾಮೆರಾ, ಬಾಗಿಲ ಮೇಲಿನ ಲೈಟು. ಇವುಗಳಿಗೆ ಕರೆಂಟು ಕದ್ದಿರುವುದು ಸಾಮಾನ್ಯವಾಗಿ ಹಿಂದಿನ ಲೈಟಿನ ವೈರಿನಿಂದ, ಅದೂ ಪ್ಲಾಸ್ಟಿಕ್ ಕ್ಲಿಪ್ ಹಾಕಿ. ಆ ಕ್ಲಿಪ್ ಒಳಗಿನ ಬ್ಲೇಡ್ ವೈರನ್ನು ಕಚ್ಚಿ ಎರಡೂ ಸೇರುವಂತೆ ಮಾಡುತ್ತದೆ. ಕಚ್ಚುವಾಗ ನಾಲ್ಕಾರು ಎಳೆ ತುಂಡಾಗುತ್ತವೆ, ಗಾಯದಿಂದ ನೀರು ಒಳಗೆ ಹೋಗುತ್ತದೆ, ಒಳಗೆ ಕಿಲುಬು ಬೆಳೆಯುತ್ತದೆ. ನೆಲದ ಕೆಳಗೆ ಇಂಥ ಕ್ಲಿಪ್ ಕಂಡರೆ ದೋಷ ಇರಲಿ ಬಿಡಲಿ, ತೆಗೆದು ಸರಿಯಾಗಿ ಜೋಡಿಸಿಬಿಡಿ.

ಟ್ರೇಲರ್ ಸಾಕೆಟ್ ಇದ್ದರೆ ಹಿಂದಿನ ಲೈಟುಗಳ ದೋಷ ಹುಡುಕುವಾಗ ಮೊದಲು ಅದರ ವೈರುಗಳನ್ನು ಬೇರ್ಪಡಿಸಿ. ಸಾಕೆಟ್ಟಿನೊಳಗೆ ನೀರು, ಉಪ್ಪು, ಕೆಸರು ತುಂಬಿ ಪಿನ್ನುಗಳ ನಡುವೆ ಕರೆಂಟು ಸೋರುತ್ತಿರುತ್ತದೆ. ಮಾಡಿನ ಅಂಚಿನ ಲೈಟಿನಲ್ಲಿ ನೀರು ಕಂಡರೆ ಒಳಗಿನ ಗೋಡೆಯನ್ನೂ ಮುಟ್ಟಿ ನೋಡಿ; ವೈರು ಹೋದ ತೂತಿನಿಂದಲೇ ನೀರೂ ಗೋಡೆಯೊಳಕ್ಕೆ ಇಳಿದಿರಬಹುದು. ಬಾಗಿಲ ಮೇಲಿನ ಲೈಟು ಮನೆ ಭಾಗದ ಬ್ಯಾಟರಿಯದು. ಎಂಜಿನ್ ಚಾಲೂ ಆದಾಗ ಅದು ತಾನೇ ಆರುವಂತೆ ಎಷ್ಟೋ ಗಾಡಿಗಳಲ್ಲಿ ರಿಲೇ ಇಟ್ಟಿರುತ್ತಾರೆ, ಹಾಗಾಗಿ ಎಂಜಿನ್ ನಿಲ್ಲಿಸಿ ಪರೀಕ್ಷಿಸಿ.

ಲೈಟಿನ ಗಾಜು ವಾಪಸ್ ಕೂರಿಸುವಾಗ ಹೊಸ ರಬ್ಬರ್ ಹಾಕಿ. ಸುತ್ತ ಸಿಲಿಕಾನ್ ಬಳಿಯುವವರು ಕೆಳಗಿನ ಸಣ್ಣ ತೂತನ್ನು ಮುಚ್ಚಬೇಡಿ, ಒಳಗೆ ಕೂತ ತೇವ ಹೊರಗೆ ಹೋಗುವುದು ಅಲ್ಲಿಂದಲೇ. ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟು, ಹಜಾರ್ಡ್, ಬ್ರೇಕ್ ಎಲ್ಲವನ್ನೂ ಒಟ್ಟಿಗೆ ಹಾಕಿ ಒಂದು ಸುತ್ತು ನೋಡಿ ಬನ್ನಿ. ಒಂದೊಂದನ್ನೇ ಹಾಕಿ ನೋಡಿದರೆ ಅರ್ಧಂಬರ್ಧ ಅರ್ತಿಂಗ್ ಕೂಡ ಸರಿ ಇದ್ದಂತೆಯೇ ಕಾಣುತ್ತದೆ. ಮಳೆಯಲ್ಲಿ ಮಾತ್ರ ಬರುತ್ತಿದ್ದ ದೋಷವಾದರೆ ಪೈಪಿನಿಂದ ನೀರು ಬಿಟ್ಟು, ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಇದನ್ನೇ ಮಾಡಿ.